ಬಾನೆಟ್ಟಿನ ಮೇಲೆ ನಮ್ಮ ತಾಲ್ಲೂಕು

ಕಾರು ಒಡೆಯುವ ಮುಂಚೆ ಅವರು ಕಾರಿಗೆ ‘ಸುಮಿಮಾಸೆನ್’ ಅನ್ನುತ್ತಿದ್ದರು. ಕ್ಷಮಿಸಬೇಕು, ಅಂತ. ಆಮೇಲೆ ಸುತ್ತಿಗೆ ಎತ್ತಿ ಮುಂದಿನ ಗಾಜಿಗೆ ಒಂದು ಬಿಟ್ಟರೆ ಗುಜರಿ ಯಾರ್ಡಿನ ಕಾಗೆಗಳೆಲ್ಲ ಎದ್ದು ಬೆಟ್ಟದ ಕಡೆ ಹೋಗುತ್ತಿದ್ದವು. ಬಾಗಿಲು ಕೀಳುವುದು, ಸೀಟು ಹರಿಯುವುದು, ಹೊಟ್ಟೆಯೊಳಗಿನ ವೈರುಗಳನ್ನು ಕುರಿಯ ಕರುಳಿನ ಹಾಗೆ ಎಳೆದು ಗುಡ್ಡೆ ಹಾಕುವುದು, ಎಲ್ಲ ಮುಗಿಯುವ ಹೊತ್ತಿಗೆ ಅವರ ಮೊಣಕೈವರೆಗೂ ರಕ್ತ ಸೋರುತ್ತಿತ್ತು. ಅದು ಅವರದೇ ರಕ್ತ. ಅಪಘಾತದ ಕಾರುಗಳ ಸೀಟಿನಲ್ಲಿ ಒಣಗಿರುತ್ತಿದ್ದ ಬೇರೆಯವರ ರಕ್ತವನ್ನು ಮಾತ್ರ ಯಾವ ಆಳಿಗೂ ಬಿಡದೆ ತಾವೇ ತೊಳೆಯುತ್ತಿದ್ದರು.

ಹೋದ ವಾರ ಅವರು ಹುಬ್ಬಳ್ಳಿಯಲ್ಲಿ ತೀರಿಕೊಂಡರು ಅಂತ ಯಾರ್ಡಿನಲ್ಲಿ ಅವರ ಕೆಳಗೆ ಕೆಲಸಕ್ಕಿದ್ದ ಪಂಜಾಬಿ ಫೋನ್ ಮಾಡಿ ಹೇಳಿದ. ಪಾರ್ಶ್ವವಾಯುವಂತೆ, ಮೂರು ದಿನ ಹಾಸಿಗೆ ಹಿಡಿದಿದ್ದರಂತೆ. ಆ ಮನುಷ್ಯ ಹಾಸಿಗೆಯಲ್ಲಿ ಸತ್ತರು ಅನ್ನುವುದನ್ನು ನಂಬುವುದಕ್ಕೆ ನನಗೆ ಎರಡು ದಿನ ಬೇಕಾಯಿತು. ಅವರು ನನಗೆ ಎರಡು ಸಲ ಹೊಡೆದಿದ್ದಾರೆ. ಮೊದಲನೆಯದಕ್ಕೆ ನಾನು ತಕ್ಕವನಾಗಿದ್ದೆ. ಎರಡನೆಯದು ಸ್ವಲ್ಪ ಕಡಿಮೆಯೇ ಆಯಿತು.

ನಾವಿದ್ದದ್ದು ಉತ್ತರ ಜಪಾನಿನ ಬೆಟ್ಟಗಾಡಿನಲ್ಲಿ. ನಾಲ್ಕು ಸಣ್ಣ ಪಟ್ಟಣ ಸೇರಿ ಒಂದು ‘ಗುನ್’. ಅವರು ಅದನ್ನು ನಮ್ಮ ತಾಲ್ಲೂಕು ಅನ್ನುತ್ತಿದ್ದರು. ಊರುಗಳಿಗೂ ತಮ್ಮದೇ ಹೆಸರಿಟ್ಟಿದ್ದರು: ಸೇಬಿನೂರು, ಸುರಂಗದೂರು, ಅಣೆಕಟ್ಟೂರು, ನಿಲ್ದಾಣದೂರು. ನನ್ನ ಕಂಪನಿ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಸಾಫ್ಟ್‌ವೇರ್ ನೋಡಿಕೊಳ್ಳಲು ನನ್ನನ್ನು ಎರಡು ವರ್ಷಕ್ಕೆ ಅಂತ ಅಲ್ಲಿಗೆ ಕಳಿಸಿತ್ತು, ಇನ್ನೂ ವಾಪಸು ಕರೆಸಿಕೊಂಡಿಲ್ಲ. ಹೆಂಡತಿ ಸುಧಾ, ಮಗಳ ಸ್ಕೂಲಿನ ನೆಪದಲ್ಲಿ ಟೋಕಿಯೋ ಪಕ್ಕದ ಇಚಿಕಾವಾದಲ್ಲೇ ಉಳಿದಳು. ಇಚಿಕಾವಾದಲ್ಲಿ ಒಂದು ಕಲ್ಲು ಎಸೆದರೆ ಮೂರು ಜನ ಬೆಂಗಳೂರಿನವರಿಗೆ ತಾಗುತ್ತದೆ. ಇಲ್ಲಿ ಎಸೆದರೆ ಕರಡಿಗೆ.

ಮೊದಲ ಭೇಟಿ ಸೇಬಿನೂರಿನ ಕೊಂಬಿನಿಯಲ್ಲಿ, ಹಗಲು ರಾತ್ರಿ ತೆರೆದಿರುವ ದಿನಸಿ ಅಂಗಡಿಯಲ್ಲಿ. ಮೊಟ್ಟೆಗಳ ಮುಂದೆ ನಿಂತು ಸುಧಾಗೆ ಫೋನಿನಲ್ಲಿ, “ಗ್ಯಾಸ್ ಆಫ್ ಮಾಡಿದೀನೋ ಇಲ್ವೋ ಅಂತ ಡೌಟು ಕಣೇ” ಅನ್ನುತ್ತಿದ್ದೆ. “ನಿಮ್ಮನೇಲಿರೋದು ಕರೆಂಟ್ ಒಲೆ” ಅಂದಳು. “ಹಾಗಾದ್ರೆ ಅದು?” ಅಂತ ಕೇಳುವಷ್ಟರಲ್ಲಿ ಹಿಂದಿನಿಂದ ಯಾರೋ ಭುಜಕ್ಕೆ ಬಡಿದರು. ತಿರುಗಿದರೆ ಒಂದು ಕಾಲದಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡ ಮೂಗು, ಅದರ ಮೇಲೆ ಎರಡು ಕೆಂಪು ಕಣ್ಣು.

“ಸೇಬಿನೂರಿನ ಬೋರ್ಡಿನಾಗ ಇಂಡಿಯಾದವ್ರು ಸೊನ್ನಿ ಅದಾರ. ಹಂಗಾದ್ರ ನೀವ್ಯಾರು?”

ಪ್ರತಿ ಪಟ್ಟಣದ ಟೌನ್ ಆಫೀಸಿನ ಬಾಗಿಲ ಹತ್ತಿರ, ತಿಂಗಳ ಮೊದಲ ವಾರ ಒಂದು ಹಾಳೆ ಅಂಟಿಸುತ್ತಿದ್ದರು. ಊರಲ್ಲಿ ಯಾವ ಯಾವ ದೇಶದವರು ಎಷ್ಟು ಜನ ಹೆಸರು ಬರೆಸಿದ್ದಾರೆ ಅಂತ. ಅವರು ಪ್ರತಿ ತಿಂಗಳೂ ನಾಲ್ಕೂ ಊರು ಸುತ್ತಿ, ‘ಇಂದೋ’, ಅಂದರೆ ಇಂಡಿಯಾ, ಅನ್ನುವ ಮೂರು ಜಪಾನಿ ಅಕ್ಷರದ ಎದುರಿನ ಅಂಕಿ ಓದಿಕೊಂಡು ಬರುತ್ತಿದ್ದರು. ಅಂಕಿ ಒಂದು ಏರಿದರೆ ಆ ಹೊಸಬ ಸಿಗುವವರೆಗೆ ಹುಡುಕುತ್ತಿದ್ದರು. ಇದನ್ನು ಅವರಿಗೆ ಯಾರೂ ವಹಿಸಿರಲಿಲ್ಲ.

“ಹೋದ ವಾರ ಬಂದೆ. ನಾಳೆ ಬರೆಸ್ತೀನಿ” ಅಂದೆ.

ಸುಳ್ಳು. ನಾನು ಬಂದು ನಾಲ್ಕು ತಿಂಗಳಾಗಿತ್ತು. ಮೊದಲ ತಿಂಗಳು ಸುರಂಗದೂರಿನ ವಸತಿಗೃಹದಲ್ಲಿ ಇಳಿಸಿದ್ದರು, ಹೆಸರು ಅಲ್ಲಿ ಬರೆಸಿದ್ದೆ. ಸೇಬಿನೂರಿಗೆ ಮನೆ ಬದಲಾಯಿಸಿದಾಗ ಹದಿನಾಲ್ಕು ದಿನದೊಳಗೆ ತಿಳಿಸಬೇಕಿತ್ತು, ಮರೆತೆ. ಹದಿನೈದನೆಯ ದಿನ ನೆನಪಾಯಿತು. ಆಮೇಲೆ ದಂಡ ಹಾಕುತ್ತಾರೆ, ವೀಸಾ ಹೋಗುತ್ತದೆ, ಮಗಳ ಓದು ಅರ್ಧಕ್ಕೆ ನಿಲ್ಲುತ್ತದೆ ಅಂತ ಹೆದರುತ್ತಾ ಇನ್ನೂ ಎರಡೂವರೆ ತಿಂಗಳು ದೂಡಿದ್ದೆ. ತಪ್ಪು ಮಾಡುವುದರಲ್ಲಿ ನಾನು ಸಾಧಾರಣ. ಮಾಡಿದ ತಪ್ಪಿಗೆ ಹೆದರಿ ಎರಡನೆಯದನ್ನು ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅವರು ಅವತ್ತೇ ನನ್ನನ್ನು ಅಣೆಕಟ್ಟೂರಿನ ಯಾರ್ಡಿಗೆ ಎಳೆದುಕೊಂಡು ಹೋದರು. ಶೆಡ್ಡಿನ ಗೋಡೆಗೆ ಒಂದು ವ್ಯಾನಿನ ಬಾನೆಟ್ಟು ನೇತು ಹಾಕಿದ್ದರು. ಅದರ ಮೇಲೆ ಕೆಂಪು ಪೇಂಟಿನಲ್ಲಿ ತಾಲ್ಲೂಕಿನ ಗಡಿ, ನದಿ, ನಾಲ್ಕು ಊರು. ಪ್ರತಿ ಊರಲ್ಲೂ ಅಯಸ್ಕಾಂತದಿಂದ ಅಂಟಿಸಿದ ಚಕ್ರದ ನಟ್ಟುಗಳು. ಒಂದು ನಟ್ಟು ಅಂದರೆ ಒಬ್ಬ ಭಾರತೀಯ.

“ಇವು ಎರಡು ಅಣೆಕಟ್ಟೂರು, ನಾ ಮತ್ತ ಕಬ್ಬಿಣದ ಫ್ಯಾಕ್ಟರಿಯ ಬಂಗಾಲಿ. ಇವು ನಿಲ್ದಾಣದೂರು, ಇಂಗ್ಲಿಷ್ ಕಲಿಸೂ ನಾಗಪುರದ ಬಾಯಾರು ಮತ್ತ ನಮ್ಮ ಪಂಜಾಬಿ. ಇದು ನೀವು” ಅಂತ ತುಕ್ಕು ಹಿಡಿದ ಒಂದು ನಟ್ಟನ್ನು ಆರಿಸಿ ಸೇಬಿನೂರಿಗೆ ಅಂಟಿಸಿದರು.

“ಪಂಜಾಬಿ ಇಲ್ಲೇ ಅಲ್ವಾ ಕೆಲಸ ಮಾಡೋದು? ಅಷ್ಟು ದೂರ ಯಾಕಿದಾನೆ?”

“ನಾ ಇಟ್ಟೇನಿ. ಬಾಯಾರು ಅಲ್ಲಿ ಒಬ್ಬರ ಇದ್ರು. ನೀ ಆ ಊರಾಗ ಮನಿ ಮಾಡು ಅಂದೆ. ಮಂಜಿನಾಗ ದಿನಾ ಐವತ್ತು ನಿಮಿಷ ಗಾಡಿ ಹೊಡಿಲೇನು ಅಂದ. ಒಂದು ಕೊಟ್ಟೆ. ಹೋದ.”

ತಾಲ್ಲೂಕಿನ ಭಾರತೀಯರನ್ನು ಹೀಗೆ ಹಂಚಿಡುವುದು ಅವರ ಪದ್ಧತಿ. ಒಂದು ಊರಲ್ಲಿ ಒಂದೇ ನಟ್ಟು ಇರಬಾರದು. ನಾನು ನಕ್ಕೆ. ಅವರು ಅಂಗಿ ಎತ್ತಿ ಪಕ್ಕೆ ತೋರಿಸಿದರು. ಪಕ್ಕೆಲುಬು ಇರಬೇಕಾದ ಜಾಗದಲ್ಲಿ ಬೋಗುಣಿಯಂಥ ಗುಳಿ.

ಹುಬ್ಬಳ್ಳಿಯಲ್ಲಿ ಡೀಸೆಲ್ ಮೆಕ್ಯಾನಿಕ್ ಆಗಿದ್ದವರು, ಕೋಬೆಯ ಒಂದು ಗೋದಾಮಿಗೆ ಬಂದು, ಅಲ್ಲಿಂದ ಈ ಬೆಟ್ಟಕ್ಕೆ ಏರಿದ ಮೊದಲ ಚಳಿಗಾಲದ ಗುರುತು ಅದು. ಇಡೀ ತಾಲ್ಲೂಕಿಗೆ ಅವರೊಬ್ಬರೇ. ಬಾರಿನ ಪಾರ್ಕಿಂಗಿನಲ್ಲಿ ಕುಡಿದ ಮೂರು ಜನ ಹಿಡಿದುಕೊಂಡು ಹಿಮ ಎತ್ತುವ ಸಲಿಕೆಯಲ್ಲಿ ಹೊಡೆದರು. ಯಾಕೆ ಅಂತ ಅವರಿಗೆ ಗೊತ್ತಾಗಲಿಲ್ಲ, ಆಗ ಭಾಷೆ ಬರುತ್ತಿರಲಿಲ್ಲ. ಮೂಗು ಹೋಯಿತು, ನಾಲ್ಕು ಎಲುಬು ಹೋಯಿತು. ಹಿಮದಲ್ಲಿ ಬಿದ್ದಿದ್ದವರನ್ನು ಬೆಳಿಗ್ಗೆ ಹಾಲಿನವನು ನೋಡಿದ. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಪೊಲೀಸರು, ತಾನೇ ಜಾರಿ ಬಿದ್ದದ್ದು ಅಂತ ಬರೆದುಕೊಂಡರಂತೆ.

“ಹೊಡಿಸ್ಕೊಳ್ಳೂದು ದೊಡ್ಡದಲ್ರಿ ಸರ. ಹುಬ್ಬಳ್ಳ್ಯಾಗೂ ಹೊಡಿಸ್ಕೊಂಡೇನಿ, ಹೊಡದೇನಿ. ನನ್ನ ಹೊಡದ್ರು ಅಂತ ಹೇಳಾಕ ಒಬ್ಬ ಬೇಕು. ಅವನೂ ಇಲ್ಲಂದ್ರ ಅದು ಆಗೇ ಇಲ್ಲ.”

ಸುರಂಗದೂರಿನ ಮೇಲೆ ಎರಡು ನಟ್ಟು ಇದ್ದವು. ಅವುಗಳ ಪಕ್ಕದಲ್ಲಿ ಸೀಮೆಸುಣ್ಣದ ಒಂದು ಸೊನ್ನೆ. “ಇಲ್ಲಿ ಇಂಡಿಯಾ ಊಟದ ಕರಿ ಅಂಗಡಿಯ ಮಾಲಕ ಮತ್ತ ಅವನ ಹೆಂಡತಿ. ಬೋರ್ಡಿನಾಗ ಮೂರು ಐತಿ. ಮೂರನೇದಾಂವ ಸಿಗವಲ್ಲ. ಹುಡುಕಾಕತ್ತೇನಿ.”

ಆ ಮೂರನೆಯವನು ನಾನೇ. ಆಗಲೇ ಹೇಳಬೇಕಿತ್ತು. ಗೋಡೆಗೆ ಒರಗಿಸಿದ್ದ ಸುತ್ತಿಗೆ ನೋಡಿದೆ, ಚಹಾ ತುಂಬಾ ಚೆನ್ನಾಗಿದೆ ಅಂದೆ.

ಮೂರು ವಾರ ಅವರು ನನ್ನನ್ನು ಹುಡುಕಿದರು. ಸುರಂಗದೂರಿನ ಲಾಡ್ಜು, ಮರದ ಮಿಲ್ಲು, ಕೋಳಿಫಾರಂ. ಕರಿ ಅಂಗಡಿಯ ಮಾಲೀಕ ಯಾರನ್ನೋ ಬಚ್ಚಿಟ್ಟಿದ್ದಾನೆ ಅಂತ ಅವರಿಗೆ ಬಲವಾಗಿ ಅನಿಸಿತ್ತು. ಆ ಮಾಲೀಕನ ಹತ್ತಿರ ಕೆಲಸಕ್ಕಿದ್ದ ಅಡಿಗೆಯವರು ಮುಂಚೆ ಇಬ್ಬರು ಓಡಿಹೋಗಿದ್ದರು, ಒಬ್ಬನ ಕೈಬೆರಳು ನೆಟ್ಟಗಿರಲಿಲ್ಲ. ಮೂರು ಸಲ ಹೋಗಿ ಬಾಗಿಲು ಬಡಿದರು. ಮೂರನೆಯ ಸಲ ಬಾಗಿಲಿನ ಜೊತೆಗೆ ಮಾಲೀಕನನ್ನೂ. ಪೊಲೀಸರು ಬಂದು, ಇನ್ನು ಈ ಊರಿನಲ್ಲಿ ಕಂಡರೆ ಹಿಡಿದು ಹಾಕುತ್ತೇವೆ ಅಂತ ಬರೆಸಿಕೊಂಡರು. ಅಷ್ಟಾದ ಮೇಲೆ ನಾನು ಯಾರ್ಡಿಗೆ ಹೋಗಿ ಹೇಳಿದೆ.

ಕಪಾಳಕ್ಕೆ ಬಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ ಕಪಾಳಮೋಕ್ಷ ಆಗುವುದು ಒಂದು ವಿಶೇಷ ಅನುಭವ. ನೋವಿಗಿಂತ ಮೊದಲು ಕನ್ನಡಕ ಎಲ್ಲಿ ಅನ್ನುವ ಯೋಚನೆ ಬರುತ್ತದೆ. ಕನ್ನಡಕವನ್ನು ಅವರೇ ಹುಡುಕಿ, ಅಂಗಿಗೆ ಒರೆಸಿ ಕೊಟ್ಟರು.

“ನಾಳೆ ಹೋಗಿ ಹೆಸರು ಬದ್ಲಿ ಮಾಡಿಸ್ರಿ. ನನ್ನನ್ನ ಆ ಊರಾಗ ಬಿಡೂದಿಲ್ಲ. ಇನ್ನ ಸುರಂಗದೂರಿನ ಬೋರ್ಡು ನಿಮ್ಮದು. ಕಾರ್ಖಾನಿಗೆ ಹೋಗೂ ದಾರ್‍ಯಾಗ ಐತಿ. ತಿಂಗಳಾ ನೋಡಿ ಹೇಳ್ರಿ.”

ಹೆಸರನ್ನು ಸುರಂಗದೂರಿನಿಂದ ಸೇಬಿನೂರಿಗೆ ಬದಲಾಯಿಸಿದೆ. ದಂಡವೂ ಇಲ್ಲ, ಗದರಿಕೆಯೂ ಇಲ್ಲ. ಸುರಂಗದೂರಿನ ಕೌಂಟರಿನ ಹೆಂಗಸು ನನಗೇ ತಲೆಬಾಗಿ ‘ಅರಿಗಾತೋ’ ಅಂತ ಧನ್ಯವಾದ ಹೇಳಿದರು. ಮುಂದಿನ ತಿಂಗಳ ಮೊದಲ ವಾರ ಸುರಂಗದೂರಿನ ಬೋರ್ಡು ನೋಡಿದೆ. ಎರಡು ಇರಬೇಕಾದ ಜಾಗದಲ್ಲಿ ಇನ್ನೂ ಮೂರೇ ಇತ್ತು.

ಇಲ್ಲಿ ನಾನು ಏನು ಯೋಚಿಸಿದೆ ಅನ್ನುವುದನ್ನು ಸರಿಯಾಗಿ ಬರೆಯಬೇಕು. ಯಾರೋ ಹೊಸಬ ಬಂದಿರಬಹುದು ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ನನ್ನ ಅರ್ಜಿ ಎಲ್ಲೋ ಕೆಟ್ಟಿದೆ, ನಾನಿನ್ನೂ ಇದೇ ಊರಿನ ಲೆಕ್ಕದಲ್ಲಿದ್ದೇನೆ, ಈಗ ದಂಡವೂ ಬೀಳುತ್ತದೆ, ಇನ್ನೊಂದು ಕಪಾಳಕ್ಕೂ ಬೀಳುತ್ತದೆ. ಕೌಂಟರು ಹತ್ತು ಹೆಜ್ಜೆ ದೂರದಲ್ಲಿತ್ತು. ಕೇಳಲಿಲ್ಲ. ಹೊರಗೆ ಬಂದು ಅವರಿಗೆ ಫೋನ್ ಮಾಡಿದೆ.

“ಎಷ್ಟೈತ್ರಿ?”

“ಎರಡು” ಅಂದೆ.

“ಛಲೋ ಆತು” ಅಂದರು. ಆ ಕಡೆ ಸೀಮೆಸುಣ್ಣ ಒರೆಸುವ ಸದ್ದು ಕೇಳಿದ ಹಾಗಾಯಿತು.

ಆ ತಿಂಗಳು ಅವರು ತುಂಬ ಖುಷಿಯಾಗಿದ್ದರು. ಯಾರ್ಡಿಗೆ ಒಂದು ಕರಡಿ ನುಗ್ಗಿ ಪಂಜಾಬಿಯ ಊಟದ ಡಬ್ಬಿ ಕಚ್ಚಿಕೊಂಡಾಗ ಇವರು ಬ್ರೇಕ್ ಡ್ರಮ್ಮು ಎತ್ತಿ ಅದರ ಮೂತಿಗೆ ಎಸೆದು, ಹಲ್ಲು ಮುರಿದುಕೊಂಡ ಕರಡಿ ಓಡಿದ ಮೇಲೆ, ಪಾಪ ಹಸಿದಿತ್ತು ಅಂತ ಅರ್ಧ ದಿನ ಬೇಜಾರಾದದ್ದು ಆಗಲೇ. ಭಾನುವಾರ ನನ್ನ ಮನೆಗೆ ಬಂದು, ಸಾರಿಗೆ ಇಂಗು ಹಾಕಿಲ್ಲ ಅಂತ ಬೈದು, ಮೂರು ಸಲ ಬಡಿಸಿಕೊಂಡು ಹೋಗುತ್ತಿದ್ದರು. “ನಿಮ್ಮೂರಾಗ ಇನ್ನೊಂದು ನಟ್ಟು ಬೇಕ್ರಿ ಸರ. ಒಬ್ಬರ ಇರಬ್ಯಾಡ್ರಿ” ಅಂತ ಪ್ರತಿ ಸಲ.

ಮತ್ತೊಂದು ತಿಂಗಳು. ಹೊಸ ಹಾಳೆ. ಮೂರು. ಈ ಸಲ ಕೌಂಟರಿಗೆ ಹೋದೆ. ನಾಚಿಕೆ ಬಿಟ್ಟು ಬಂದ ಧೈರ್ಯವಲ್ಲ. ಎರಡು ತಿಂಗಳಾದರೆ ದಂಡ ದೊಡ್ಡದಾಗಬಹುದು ಅನ್ನುವ ಹೆದರಿಕೆ. ಅದೇ ಹೆಂಗಸು ಕಂಪ್ಯೂಟರು ನೋಡಿ, ನಿಮ್ಮದು ಆಗಲೇ ಮುಗಿದಿದೆ, ನೀವು ಇಲ್ಲಿಯವರಲ್ಲ ಅಂದರು. ಹಾಗಾದರೆ ಈ ಮೂರನೆಯವರು? ಅದನ್ನು ಹೇಳುವ ಹಾಗಿಲ್ಲ, ಸುಮಿಮಾಸೆನ್.

ನಾನು ಬಿಟ್ಟುಹೋದ ಜಾಗಕ್ಕೆ, ಅದೇ ವಾರ, ಒಬ್ಬ ಮನುಷ್ಯ ಬಂದು ಸೇರಿದ್ದ. ಒಬ್ಬ ಕಳೆದು ಒಬ್ಬ ಕೂಡಿ ಅಂಕಿ ಅಲ್ಲಾಡದೆ ನಿಂತಿತ್ತು.

ಶನಿವಾರ ಮಧ್ಯಾಹ್ನ ಯಾರ್ಡಿಗೆ ಹೋಗಿ ಹೇಳಿದೆ. ಒಂದು ತಿಂಗಳು ಮುಚ್ಚಿಟ್ಟೆ ಅನ್ನುವುದನ್ನೂ ಹೇಳಿದೆ. ಈ ಸಲ ಮುಷ್ಟಿ. ದವಡೆಯ ಹಲ್ಲೊಂದು ಕೆನ್ನೆಯೊಳಗೇ ಮುರಿದು ಬಾಯಿ ತುಂಬ ಉಪ್ಪಾಯಿತು. ನೆಲದಲ್ಲಿ ಕೂತಿದ್ದವನ ಕಾಲರು ಹಿಡಿದು ಎಬ್ಬಿಸಿ, “ಉಗುಳ್ರಿ. ಗಾಡಿ ಹತ್ರಿ” ಅಂದರು. ಕೈಯಲ್ಲಿ ಕಬ್ಬಿಣದ ಹಾರೆ ಇತ್ತು.

ಸುರಂಗದೂರಿನ ದಾರಿಯ ಸುರಂಗದಲ್ಲಿ ಒಂದೇ ಮಾತು ಆಡಿದೆ. “ಪೊಲೀಸರಿಗೆ ಮೊದಲು ಹೇಳೋಣ. ನಿಮ್ಮನ್ನ ಹಿಡೀತಾರೆ.”

“ಏನಂತ ಹೇಳ್ತೀರಿ? ಬೋರ್ಡಿನಾಗ ಮೂರು ಐತಿ ಅಂತೇನು?”

ಮಧ್ಯಾಹ್ನದ ಊಟ ಮುಗಿದು ಅಂಗಡಿ ಮುಚ್ಚಿದ್ದ ಹೊತ್ತು. ಹಿಂಬಾಗಿಲ ಗಂಟೆ ಒತ್ತಿ, ‘ಸುಮಿಮಾಸೆನ್’ ಅಂದರು. ಯಾರೂ ಬರಲಿಲ್ಲ. ಹಾರೆ ತೂರಿಸಿ ಮೀಟಿದರು, ಬಾಗಿಲು ಚೌಕಟ್ಟಿನ ಸಮೇತ ಬಂತು. ಅಡಿಗೆಮನೆಯಲ್ಲಿ ಮಾಲೀಕನ ಹೆಂಡತಿ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಸುಲಿಯುತ್ತಲೇ, ಕೈಯಲ್ಲಿದ್ದ ಚಾಕುವಿನ ತುದಿಯನ್ನು ಉಗ್ರಾಣದ ಬಾಗಿಲ ಕಡೆ ತಿರುಗಿಸಿದಳು. ಹೊರಗಿನಿಂದ ಬೀಗ ಹಾಕಿತ್ತು.

ಬೀಗಕ್ಕೆ ಹಾರೆ ಹಾಕಿ ಒಮ್ಮೆ ಮೀಟುವಷ್ಟರಲ್ಲಿ ಮಾಲೀಕ ಮಹಡಿಯಿಂದ ಇಳಿದ. ಕೈಯಲ್ಲಿ ತಂದೂರಿ ಸರಳು. “ನಾನು ಕರೆಸಿದವನು ಅವನು, ನನ್ನ ಮನುಷ್ಯ” ಅಂತ ಹಿಂದಿಯಲ್ಲಿ ಕಿರುಚಿ ಚುಚ್ಚಿದ. ಸರಳು ಇವರ ಮುಂಗೈ ಒಳಹೊಕ್ಕು ಆಚೆ ಬಂತು. ಇವರು ಅದನ್ನು ನೋಡಿದ್ದು, ಷರ್ಟಿಗೆ ಅಂಟಿದ ಹುಲ್ಲುಕಡ್ಡಿ ನೋಡಿದ ಹಾಗೆ. ಆಮೇಲೆ ಅದೇ ಕೈಯಿಂದ ಹೊಡೆದರು. ಮಾಲೀಕ ಪಾತ್ರೆಗಳ ಮೇಲೆ ಬಿದ್ದ. ಎದ್ದ. ಮತ್ತೆ ಬಿದ್ದ. ದವಡೆ ಮುರಿದ ಸದ್ದು ನನಗೆ ಕೇಳಿಸಿತು, ಒಣಗಿದ ಕಬ್ಬು ಮುರಿದ ಹಾಗೆ. ಅವನು ಏಳುವುದನ್ನು ನಿಲ್ಲಿಸಿದ ಮೇಲೂ ಇವರು ನಿಲ್ಲಿಸಲಿಲ್ಲ. ಇದನ್ನು ನಾನು ಅವರ ಪರವಾಗಿ ಮುಚ್ಚಿಡುವುದಿಲ್ಲ. ಬಿದ್ದವನ ಮುಖಕ್ಕೆ ಮತ್ತೆ ಮತ್ತೆ, ಕಾರಿನ ಮೇಲೆ ಬೀಳುವ ಏಟಿನ ಲಯದಲ್ಲೇ. ನಾನು ಸಾಕು ಅಂದೆ. ಕೇಳಿಸುವಷ್ಟು ಜೋರಾಗಿ ಅನ್ನಲಿಲ್ಲ.

ಅವರನ್ನು ನಿಲ್ಲಿಸಿದ್ದು ಉಗ್ರಾಣದಲ್ಲಿದ್ದವನು. ಸಡಿಲಾಗಿದ್ದ ಬೀಗವನ್ನು ಒಳಗಿನಿಂದ ಒದ್ದು ಕಿತ್ತು ಹೊರಗೆ ಬಂದ, ನನಗಿಂತ ಎರಡು ಮೂರು ವರ್ಷ ಚಿಕ್ಕವನಿರಬೇಕು. ಹೆಸರು ದೀವಾನ್ ಸಿಂಗ್, ಗಢವಾಲದವನು, ಅಡಿಗೆಯವನು ಅಂತ ಆಮೇಲೆ ಗೊತ್ತಾಯಿತು. ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದು, ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಸುರುಟಿತ್ತು. ಅದನ್ನು ಉರಿಯುವ ತಂದೂರಿನ ಗೋಡೆಗೆ ಒತ್ತಿ ಹಿಡಿದಿದ್ದರು. ಮುಂದಿನ ಎರಡು ಹಲ್ಲಿರಲಿಲ್ಲ. ಒಂದು ಕಿವಿಯಿಂದ ಕೀವು ಸೋರಿ ಕತ್ತಿನಲ್ಲಿ ಒಣಗಿತ್ತು. ಅವನು ಸರಿಯಿದ್ದ ಕೈಯಿಂದ ಇವರ ಸೊಂಟದ ಬೆಲ್ಟು ಹಿಡಿದು, “ಬಸ್ ಭಾಯಿ, ಸತ್ತರೆ ನನ್ನ ಪಾಸ್‌ಪೋರ್ಟು ಎಲ್ಲಿದೆ ಅಂತ ಹೇಳೋರು ಯಾರು?” ಅಂದ.

ಅವರು ನಿಲ್ಲಿಸಿದರು.

ಮಾಲೀಕನ ಮೇಲೂ ಕೇಸಾಯಿತು. ಆದರೆ ಬರಬೇಡ ಅಂದ ಊರಿಗೆ ಬಂದು, ಬಾಗಿಲು ಮುರಿದು, ಒಬ್ಬನ ದವಡೆ ಎರಡು ಕಡೆ ಒಡೆದವರನ್ನು ಬಿಡುವ ಕಾನೂನು ಇಲ್ಲ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿಕೆ ಕೊಟ್ಟೆ. ಸೆರೆಯಲ್ಲಿದ್ದಾಗ ನೋಡಲು ಹೋದೆ. ಗಾಜಿನ ಆಚೆ ಅವರು, ಅವರ ಪಕ್ಕದಲ್ಲಿ ಒಬ್ಬ ಪೊಲೀಸು. ಅವನಿಗೆ ಅರ್ಥವಾಗುವ ಭಾಷೆಯಲ್ಲೇ ಮಾತಾಡಬೇಕು ಅನ್ನುವುದು ನಿಯಮ. ಹೀಗಾಗಿ ಇಬ್ಬರು ಕನ್ನಡದವರು ಎದುರುಬದುರು ಕೂತು, ಪಠ್ಯಪುಸ್ತಕದ ಜಪಾನಿಯಲ್ಲಿ ಮಾತಾಡಿದೆವು. ಬೈಗುಳವಿಲ್ಲದೆ ಅವರು ಯಾರೋ ಬೇರೆಯವರ ಹಾಗೆ ಕಂಡರು.

“ತಮ್ಮ ಹಲ್ಲು ಹೇಗಿದೆ?” ಅಂದರು.

“ಕೀಳಿಸಿದೆ. ಧನ್ಯವಾದ.”

“ಆ ಅಡಿಗೆಯವರು ಎಲ್ಲಿ ಇರುತ್ತಾರೆ?”

“ಸೇಬಿನೂರಿನಲ್ಲಿ. ನನ್ನ ಮನೆಯ ಹತ್ತಿರ ಕೋಣೆ ಮಾಡಿದ್ದೇನೆ.”

“ಒಳ್ಳೆಯದು. ಅವರನ್ನು ಹುಡುಕಿದ್ದು ತಾವು ಎಂದು ನಾನು ಅವರಿಗೆ ಹೇಳಿದ್ದೇನೆ. ಆ ಒಂದು ತಿಂಗಳ ವಿಷಯ ಹೇಳಿಲ್ಲ. ತಾವೂ ಹೇಳಬೇಡಿ. ಅವರು ಯಾರಾದರೂ ಒಬ್ಬರನ್ನು ನಂಬಬೇಕು. ನಾನು ಇರುವುದಿಲ್ಲ. ತಾವು ಇರುತ್ತೀರಿ. ದಯವಿಟ್ಟು.”

ದಯವಿಟ್ಟು ಅನ್ನುವ ಮಾತನ್ನು ಅವರು ನನಗೆ ಹೇಳಿದ್ದು ಅದೊಂದೇ ಸಲ. ಅದೂ ಜಪಾನಿಯಲ್ಲಿ. ಶಿಕ್ಷೆಯಾಯಿತು, ಅದು ಮುಗಿದ ಮೇಲೆ ದೇಶ ಬಿಡಿಸಿದರು. ಹುಬ್ಬಳ್ಳಿಯಿಂದ ಅಪರೂಪಕ್ಕೆ ಫೋನ್ ಮಾಡುತ್ತಿದ್ದರು. ನಾನು ಹೇಗಿದ್ದೇನೆ ಅಂತ ಕೇಳುತ್ತಿರಲಿಲ್ಲ. “ಅಂವ ಹ್ಯಾಂಗದಾನ?” ಅಷ್ಟೇ.

ದೀವಾನ್ ಸಿಂಗ್ ಈಗ ಸೇಬಿನೂರಿನ ಒಂದು ಸಣ್ಣ ಕರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಒಂದು ಕಿವಿ ಕೇಳಿಸುವುದಿಲ್ಲ. ಪ್ರತಿ ಭಾನುವಾರ ರಾಜ್ಮಾ ಮತ್ತು ಅನ್ನ ಕಟ್ಟಿಕೊಂಡು ನನ್ನ ಮನೆಗೆ ಬರುತ್ತಾನೆ. ಅಂಗಡಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, ‘ನನ್ನನ್ನು ಹುಡುಕಿ ತೆಗೆದದ್ದು ಈ ಸಾಬ್’ ಅನ್ನುತ್ತಾನೆ. ನಾನು ಮೆಣಸಿನಕಾಯಿ ಕಚ್ಚಿದವನ ಹಾಗೆ ನೀರು ಕುಡಿಯುತ್ತೇನೆ. ಸುಧಾಗೆ ಎಲ್ಲ ಗೊತ್ತು. “ಹೇಳಿಬಿಡಿ, ಇಲ್ಲಾಂದ್ರೆ ಆ ರಾಜ್ಮಾ ತಿನ್ನೋದು ಬಿಡಿ” ಅಂತ ಅವಳು ಎಷ್ಟೋ ಸಲ ಹೇಳಿದ್ದಾಳೆ. ಅವರು ಬೇಡ ಅಂದಿದ್ದಾರಲ್ಲ ಅಂತ ನಾನು. ಅವರ ಮಾತಿನ ಹಿಂದೆ ನಿಂತುಕೊಳ್ಳುವುದು ನನಗೆ ಬಹಳ ಅನುಕೂಲವಾಗಿತ್ತು.

ಈ ಭಾನುವಾರ ಅವನು ಬಂದಾಗ ಸುದ್ದಿ ಹೇಳಿದೆ. ಡಬ್ಬಿ ಕೆಳಗಿಟ್ಟು ಗೋಡೆ ಕಡೆ ತಿರುಗಿ ಅತ್ತ. ತುಂಬ ಹೊತ್ತು. ಆಮೇಲೆ ಮುಖ ತೊಳೆದು ಬಂದು ತಟ್ಟೆ ಹಾಕಿದ. ಅವನು ಬಡಿಸುತ್ತಿದ್ದಾಗ, ಕೇಳಿಸುವ ಕಿವಿಯ ಕಡೆ ಕೂತುಕೊಂಡು, ನಾನು ಬೋರ್ಡಿನ ವಿಷಯ ಹೇಳಿದೆ. ಮೂರು ಅಂತ ಕಂಡದ್ದು, ಎರಡು ಅಂತ ಹೇಳಿದ್ದು, ಯಾಕೆ ಅನ್ನುವುದು. ನನ್ನ ಹಿಂದಿಯಲ್ಲಿ ಅದನ್ನು ಹೇಳಲು ಬಹಳ ಹೊತ್ತು ಹಿಡಿಯಿತು.

ಅವನು ಸೌಟು ಪಾತ್ರೆಯಲ್ಲಿಟ್ಟ. “ಯಾವ ತಿಂಗಳು ಸಾಬ್?” ಅಂದ.

ಹೇಳಿದೆ. ಯಾವ ದಿನದಿಂದ ಯಾವ ದಿನದವರೆಗೆ ಅಂತಲೂ.

“ಕಿವಿ ನಾನು ಬಂದ ವಾರದಲ್ಲೇ ಹೋಯಿತು” ಅಂದ, ಒಂದೊಂದೇ ಜ್ಞಾಪಿಸಿಕೊಳ್ಳುತ್ತಾ. “ಅದು ನಿಮಗೆ ಸೇರಿದ್ದಲ್ಲ.” ನಾಲಿಗೆಯಿಂದ ಮುಂದಿನ ಕಟ್ಟಿಸಿದ ಹಲ್ಲು ಸವರಿಕೊಂಡ. “ಇದೂ ಅದಕ್ಕೆ ಮುಂಚಿನದೇ. ಸರಿಯಾಗಿ ನೆನಪಿದೆ.”

ಆಮೇಲೆ ಸುಟ್ಟ ಎಡಗೈಯ ಕಡೆ ನೋಡಿದ. ಮುಖ ತೊಳೆಯಲೆಂದು ಮೇಲೆ ಮಡಚಿಕೊಂಡಿದ್ದ ಅಂಗಿಯ ತೋಳನ್ನು ನಿಧಾನವಾಗಿ ಮಣಿಕಟ್ಟಿನವರೆಗೆ ಇಳಿಸಿ, ಗುಂಡಿ ಹಾಕಿಕೊಂಡ.

“ಊಟ ಮಾಡಿ ಸಾಬ್” ಅಂದ. “ಆರಿಹೋಗುತ್ತೆ.”